ಆ ದಿನ ಅಲೆ ಹಠಾತ್ತಾಗಿ ಬಂದಿರಲಿಲ್ಲ

ಭಾಗ 1

ಹೋದ ವರ್ಷ ಜನವರಿಯಲ್ಲಿ ಇದೇ ಪೇಜಲ್ಲಿ ನಾನೊಂದು ಫೋಟೋ ಹಾಕಿದ್ದೆ. ನೆನಪಿದ್ಯಾ? ಕಪ್ಪು ಬಂಡೆ ಮೇಲೆ ನನ್ನ ರೂಮ್‌ಮೇಟ್ ಓಡ್ತಾ ಇದಾಳೆ, ಹಿಂದೆ ಗೋಕರ್ಣದ ಸಮುದ್ರ, ಅವಳ ಜಡೆ ಗಾಳೀಲಿ ಹಾರ್ತಾ ಇದೆ. ಕೆಳಗೆ ನಾನು ಬರೆದಿದ್ದೆ: ಈ ಫೋಟೋ ತೆಗೆದ ಹತ್ತು ನಿಮಿಷಕ್ಕೆ ಎಲ್ಲಿಂದಲೋ ಒಂದು ಅಲೆ ಹಠಾತ್ತಾಗಿ ಬಂತು, ಅವಳು ಬಿದ್ದಳು, ಕೈ ಮುರೀತು, ಸಮುದ್ರನ ನಂಬಬಾರದು ಅಂತ.

ನಿಮ್ಮಲ್ಲಿ ತುಂಬ ಜನ ಲೈಕ್ ಮಾಡಿದ್ರಿ. ಕ್ಲಾಸಿನವರೆಲ್ಲ ಅಳೋ ಮುಖ ಹಾಕಿದ್ರಿ. ಒಬ್ಬರು 'ನೀನು ಗಟ್ಟಿಗಿತ್ತಿ, ಅವಳನ್ನ ಉಳಿಸಿದೆ' ಅಂತ ಬರೆದ್ರು. ಆ ಕಾಮೆಂಟಿಗೆ ನಾನು ಕೈಮುಗಿಯೋ ಚಿತ್ರ ಕೂಡ ಹಾಕಿದೆ.

ಆ ಕ್ಯಾಪ್ಷನ್ ಸುಳ್ಳು. ಅಲೆ ಹಠಾತ್ತಾಗಿ ಬಂದಿರಲಿಲ್ಲ. ಬರತ್ತೆ ಅಂತ ಹಿಂದಿನ ರಾತ್ರಿಯೇ ನನಗೆ ಗೊತ್ತಿತ್ತು.

ಅವಳನ್ನ ಕೇಳಿಯೇ ಇದನ್ನ ಬರೀತಾ ಇದೀನಿ. ಹೆಸರು ಹಾಕಬ್ಯಾಡ, ಉಳಿದದ್ದು ಬರಿ ಅಂದಳು. ಉದ್ದ ಆಗತ್ತೆ, ಒಂದು ಪೋಸ್ಟಲ್ಲಿ ಹಿಡಿಯಲ್ಲ, ಅದಕ್ಕೇ ಭಾಗ ಮಾಡಿ ಹಾಕ್ತೀನಿ. ಗೋಕರ್ಣಕ್ಕೆ ಓಡೋಕೆ ಹೋಗೋ ಪ್ಲ್ಯಾನ್ ಇರೋರು ಭಾಗ 3 ಮತ್ತು 4 ಸೇವ್ ಮಾಡ್ಕೊಳ್ಳಿ.

ಭಾಗ 2

ಮೊದಲು ದಾರಿ ಹೇಳ್ತೀನಿ. ಗೊತ್ತಿಲ್ಲದವರಿಗೆ ಗೋಕರ್ಣ ಅಂದ್ರೆ ದೇವಸ್ಥಾನ, ಇಲ್ಲಾಂದ್ರೆ ಓಂ ಬೀಚಿನ ರೀಲ್.

ಗೋಕರ್ಣದ ದೊಡ್ಡ ಬೀಚಿನಿಂದ ದಕ್ಷಿಣಕ್ಕೆ ಹೊರಟರೆ ಗುಡ್ಡ ಹತ್ತಬೇಕು. ರಾಮತೀರ್ಥ ದಾಟಿ ಮೇಲೆ ಹೋದ್ರೆ ಬಯಲು, ಅಲ್ಲಿಂದ ಇಳಿದ್ರೆ ಕುಡ್ಲೆ. ಕುಡ್ಲೆ ಮುಗಿದ ಕಡೆ ಮತ್ತೆ ಹತ್ತು, ಮತ್ತೆ ಇಳಿ, ಓಂ ಬೀಚ್. ಮೇಲಿಂದ ನೋಡಿದ್ರೆ ಎರಡು ಅರ್ಧಚಂದ್ರ ಒಂದಕ್ಕೊಂದು ತಾಗಿದ ಹಾಗೆ ಇರೋದ್ರಿಂದ ಆ ಹೆಸರು. ಓಂ ಬೀಚಿನ ಕೊನೇಲಿ ಕಾಡಿನೊಳಗೆ ಕಾಲುದಾರಿ ನುಗ್ಗತ್ತೆ, ಗೇರು ಮರ, ಮುಳ್ಳು ಪೊದೆ, ಆಮೇಲೆ ಒಂದೇ ಸಲ ಎಡಕ್ಕೆ ಗುಡ್ಡ, ಬಲಕ್ಕೆ ಕೆಳಗೆ ನೀರು. ಅದು ಹಾಫ್ ಮೂನ್. ಅಲ್ಲಿಂದ ಬಂಡೆಗಳ ಮೇಲೆ ಪ್ಯಾರಡೈಸ್. ಅದನ್ನೂ ದಾಟಿದ್ರೆ ಬೇಲೆಕಾನ್, ಅಲ್ಲಿಂದ ಊರ ರಸ್ತೆ ಹಿಡಿದು ತದಡಿ ಬಂದರು.

ಹಾಫ್ ಮೂನ್, ಪ್ಯಾರಡೈಸ್ ಎರಡಕ್ಕೂ ರಸ್ತೆ ಇಲ್ಲ. ನಡೀಬೇಕು, ಇಲ್ಲಾ ಬೋಟ್ ಹಿಡೀಬೇಕು. ಇದನ್ನ ನೆನಪಲ್ಲಿ ಇಟ್ಕೊಳ್ಳಿ, ಆಮೇಲೆ ಬೇಕಾಗತ್ತೆ.

ತದಡಿ ಅಂದ್ರೆ ಅಘನಾಶಿನಿ ನದಿ ಸಮುದ್ರ ಸೇರೋ ಜಾಗ. ಶಿರಸಿ ಕಡೆ ಹುಟ್ಟಿ ಇಲ್ಲಿವರೆಗೆ ಬರೋ ಈ ನದಿಗೆ ದೊಡ್ಡ ಅಣೆಕಟ್ಟು ಒಂದೂ ಇಲ್ಲ. 2024ರ ಜನವರಿ 31ಕ್ಕೆ ಈ ಅಳಿವೆನ ರಾಮ್ಸರ್ ಪಟ್ಟಿಗೆ ಸೇರಿಸಿದ್ರು, 4,801 ಹೆಕ್ಟೇರ್. ಅಂದ್ರೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿ. ಅದಕ್ಕಿಂತ ಮೊದಲು ಕರ್ನಾಟಕದಲ್ಲಿ ಆ ಪಟ್ಟೀಲಿ ಇದ್ದದ್ದು ರಂಗನತಿಟ್ಟು ಒಂದೇ.

ನನಗೆ ಅದು ಅಜ್ಜಿ ಮನೆ. ನದಿ ಆಚೆ ದಡ, ಅಘನಾಶಿನಿ ಊರು. ತದಡಿಯಿಂದ ಬೋಟಲ್ಲಿ ಕೂತ್ರೆ ಸ್ವಲ್ಪ ಹೊತ್ತು. ಹಾಗಾಗಿ ನಮ್ಮ ಪ್ಲ್ಯಾನ್ ಸರಳ ಇತ್ತು: ಗೋಕರ್ಣದಲ್ಲಿ ಓಟ ಶುರು, ತದಡೀಲಿ ಮುಗಿಸೋದು, ಬೋಟ್ ಹತ್ತೋದು, ಅಜ್ಜಿ ಮನೇಲಿ ಮೀನೂಟ.

ಭಾಗ 3

ಇಲ್ಲಿ ಓಡೋದು ಧಾರವಾಡದ ಗ್ರೌಂಡಲ್ಲಿ ಓಡಿದ ಹಾಗಲ್ಲ. ಮೂರು ನೆಲ ಸಿಗತ್ತೆ ನಿಮಗೆ.

ಒಂದು ಮರಳು. ಒಣ ಮರಳಲ್ಲಿ ಓಡೋಕೆ ಗಟ್ಟಿ ನೆಲಕ್ಕಿಂತ ಸುಮಾರು 1.6 ಪಟ್ಟು ಶಕ್ತಿ ಬೇಕು, ಅಳೆದು ನೋಡಿದೋರು ಹೇಳಿದ ಲೆಕ್ಕ ಇದು. ಕಾಲು ಇಟ್ಟಷ್ಟೂ ಹೂತು ಹೋಗತ್ತೆ, ಒತ್ತಿದ ಬಲ ವಾಪಸ್ ಬರಲ್ಲ. ಅದಕ್ಕೆ ಎಲ್ರೂ ಅಲೆ ಬಂದು ಹೋದ ಒದ್ದೆ ಪಟ್ಟಿ ಹಿಡೀತಾರೆ. ಅದು ಗಟ್ಟಿ, ಆದ್ರೆ ಇಳಿಜಾರು. ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ. ಎರಡು ಕಿಲೋಮೀಟರ್ ಹಾಗೆ ಓಡಿ ನೋಡಿ, ಮಾರನೇ ದಿನ ಮಂಡಿ ಪಕ್ಕ ಹಿಡ್ಕೊಂಡು ಮೆಟ್ಟಿಲು ಇಳೀತೀರಿ.

ಎರಡನೇದು ಚಿರೇಕಲ್ಲು. ಬೀಚಿಂದ ಬೀಚಿಗೆ ದಾಟುವಾಗ ಸಿಗೋ ಕೆಂಪು ಬಯಲು. ಇಂಗ್ಲಿಷಲ್ಲಿ ಲ್ಯಾಟರೈಟ್. ಆ ಹೆಸರಿಟ್ಟೋನು ಫ್ರಾನ್ಸಿಸ್ ಬುಕನನ್, 1807ರ ತನ್ನ ಪ್ರವಾಸದ ಪುಸ್ತಕದಲ್ಲಿ, ಇಟ್ಟಿಗೆ ಅನ್ನೋ ಲ್ಯಾಟಿನ್ ಪದದಿಂದ. ನಮ್ಮ ಕರಾವಳಿಯವರಿಗೆ ಅದು ಮೊದಲಿಂದಲೂ ಮನೆ ಕಟ್ಟೋ ಕಲ್ಲು, ಲ್ಯಾಟಿನ್ ಬೇಕಾಗಿರಲಿಲ್ಲ. ಒಣಗಿದ್ದಾಗ ಶೂ ಹಿಡಿಯೋದಕ್ಕೆ ಇಷ್ಟು ಒಳ್ಳೆ ನೆಲ ಬೇರೆ ಇಲ್ಲ, ಆದರೆ ತೂತು ತೂತು, ಗುಂಡಿ ಗುಂಡಿ. ಕಣ್ಣು ನೆಲ ಬಿಟ್ರೆ ಪಾದ ತಿರುಗತ್ತೆ. ಮಳೆಗಾಲದಲ್ಲಿ ಇದೇ ಬಯಲು ಹಸಿರಾಗಿ ಸಣ್ಣ ನೀಲಿ ಹೂ ಬಿಡತ್ತೆ. ಆಗ ಓಡೋಕೆ ಮಾತ್ರ ಬರಬೇಡಿ. ಜೂನಿಂದ ಸೆಪ್ಟೆಂಬರ್ ತನಕ ಈ ಸಮುದ್ರದ ಹತ್ತಿರ ಹೋಗೋದೇ ಬೇಡ.

ಮೂರನೇದು ಸಮುದ್ರದ ಬುಡದ ಬಂಡೆ. ನೋಡೋಕೆ ಚಂದ. ನಮ್ಮ ಕಥೆ ಆಗಿದ್ದೇ ಅಲ್ಲಿ.

ಇನ್ನೊಂದು ಮಾತು, ಓಟಕ್ಕೆ ಸಂಬಂಧ ಇಲ್ಲ. ಚಳಿಗಾಲದ ರಾತ್ರಿ ನಮ್ಮ ಉತ್ತರ ಕನ್ನಡದ ಬೀಚುಗಳಿಗೆ ಆಲಿವ್ ರಿಡ್ಲೆ ಕಡಲಾಮೆ ಮೊಟ್ಟೆ ಇಡೋಕೆ ಬರತ್ತೆ. ಬೆಳಕು ಹರಿಯೋ ಮೊದಲು ಓಡೋರು ಹೆಡ್‌ಲ್ಯಾಂಪ್ ಸಮುದ್ರದ ಕಡೆ ತಿರುಗಿಸಬೇಡಿ. ಮರಳಲ್ಲಿ ಬೇಲಿ ಹಾಕಿದ್ದು ಕಂಡ್ರೆ ದೂರದಿಂದ ಸುತ್ತು ಹಾಕಿ ಹೋಗಿ.

ಭಾಗ 4

ಹಿಂದಿನ ರಾತ್ರಿ ಅಜ್ಜಿ ಫೋನ್ ಮಾಡಿತ್ತು. ನಾವು ಗೋಕರ್ಣದ ರೂಮಲ್ಲಿ ಶೂ ಲೇಸ್ ಕಟ್ಟೋದು ಬಿಚ್ಚೋದು ಮಾಡ್ತಾ, ಯಾವ ಟೀಶರ್ಟ್ ಫೋಟೋದಲ್ಲಿ ಚೆನ್ನಾಗಿ ಬರತ್ತೆ ಅಂತ ಚರ್ಚೆ ಮಾಡ್ತಿದ್ವಿ.

'ಮಗಾ, ನಾಳೆ ಅಮಾಸೆ. ನೀರು ಜೋರಿರ್ತದೆ. ಬೆಳಗಾಮುಂಚೆ ಹೊರಟುಬಿಡಿ. ಒಂಬತ್ತರ ಮೇಲೆ ಕಲ್ಲಿನ ಬುಡಕ್ಕೆ ಹೋಗೂದು ಬ್ಯಾಡ.'

ಹೂಂ ಅಜ್ಜಿ, ಅಂದೆ. ಸ್ಪೀಕರಲ್ಲಿ ಇತ್ತು, ಅವಳಿಗೂ ಕೇಳಿಸ್ತು.

ನಿಮಗೆ ಇದು ಅಜ್ಜಿಯರ ಮಾಮೂಲಿ ಅಮಾವಾಸ್ಯೆ ಭಯ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು, ನಾನು ಬಿಎಸ್ಸಿ ಓದ್ತಾ ಇದ್ರೂ. ಅದು ಲೆಕ್ಕ. ಅಮಾವಾಸ್ಯೆಗೂ ಹುಣ್ಣಿಮೆಗೂ ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಲ್ಲಿ ಬರತ್ತೆ. ಎರಡರ ಎಳೆತ ಒಟ್ಟಾಗಿ ನೀರು ತುಂಬ ಏರತ್ತೆ, ತುಂಬ ಇಳಿಯತ್ತೆ. ಅಷ್ಟಮಿ ಹೊತ್ತಿಗೆ ಎರಡೂ ಅಡ್ಡಡ್ಡ ಎಳೆದು ಏರೋದು ಕಮ್ಮಿ, ಇಳಿಯೋದೂ ಕಮ್ಮಿ. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಪ್ರತಿದಿನ ಸುಮಾರು 50 ನಿಮಿಷ ತಡ ಆಗ್ತಾ ಹೋಗತ್ತೆ.

ನಮ್ಮ ಕಡೆ ಅಮಾವಾಸ್ಯೆ ದಿನ ಬೆಳಿಗ್ಗೆ ಐದರ ಆಸುಪಾಸು ನೀರು ಪೂರ್ತಿ ಇಳಿದಿರತ್ತೆ, ಹನ್ನೊಂದರ ಹತ್ತಿರ ಪೂರ್ತಿ ಏರಿರತ್ತೆ. ನಡುವಿನ ಹೊತ್ತಲ್ಲಿ ಒಂದೇ ವೇಗದಲ್ಲಿ ಏರಲ್ಲ. ಮೊದಲು ನಿಧಾನ, ಮಧ್ಯದ ಎರಡು ಗಂಟೆ ಜೋರು, ಕೊನೆಗೆ ಮತ್ತೆ ನಿಧಾನ. ಅಂದ್ರೆ ಏಳರಿಂದ ಒಂಬತ್ತರ ನಡುವೆ ನೀವು ನೋಡ್ತಾ ನೋಡ್ತಾ ಬಂಡೆ ಮುಳುಗತ್ತೆ.

ಅಜ್ಜಿ ಕ್ಯಾಲೆಂಡರಲ್ಲಿ ತಿಥಿ ನೋಡಿ ಇಷ್ಟನ್ನೂ ಹೇಳತ್ತೆ. ಮದುವೆಯಾಗಿ ಬಂದಾಗಿಂದ ಅಳಿವೇಲಿ ಬಳಚು ಹೆಕ್ಕಿದ ಹೆಂಗಸು. ನೀರು ಇಳಿದಾಗ ಹೋಗಿ, ಏರೋ ಮೊದಲು ಬುಟ್ಟಿ ಹೊತ್ತು ದಡ ಸೇರಬೇಕು. ಆ ಲೆಕ್ಕ ತಪ್ಪಿದ್ರೆ ಊಟ ಇಲ್ಲ, ಜೀವಾನೂ ಇಲ್ಲ. ಅಂಥವಳ ಮಾತಿಗೆ ನಾನು ಹೂಂ ಅಂದು ಟೀಶರ್ಟ್ ಕಡೆ ತಿರುಗಿದೆ.

ಭಾಗ 5

ಬೆಳಿಗ್ಗೆ ಐದಕ್ಕೆ ಅಲಾರಂ ಹೊಡೀತು. ಬಂದ್ ಮಾಡಿದೆ. ಆರಕ್ಕೆ ಹೊಡೀತು. ಹೊರಟಾಗ ಏಳೂಕಾಲು.

ಅವಳ ಬಗ್ಗೆ ಎರಡು ಮಾತು. ಹುಬ್ಬಳ್ಳಿ ಹುಡುಗಿ. ಸಮುದ್ರ ನೋಡಿದ್ದು ಅದು ಎರಡನೇ ಸಲ. ವಾಲಿಬಾಲ್ ಟೀಮಲ್ಲಿ ಸೆಟ್ಟರ್, ಅಂದ್ರೆ ಅವಳ ಎರಡು ಕೈಯ ಬೆರಳ ತುದೀಲೇ ಟೀಮಿನ ಆಟ ಎಲ್ಲ. ಆ ವರ್ಷ ಯೂನಿವರ್ಸಿಟಿ ಟೀಮಿಗೆ ಸೆಲೆಕ್ಟ್ ಆಗಿದ್ದಳು, ಟೂರ್ನಮೆಂಟಿಗೆ ಮೂರು ವಾರ ಇತ್ತು. ಓಡೋದು ಅವಳಿಗೆ ಇಷ್ಟ ಏನಲ್ಲ, ನಾನು ಕರೆದೆ ಅಂತ ಬಂದಳು. ಅವಳ ಅವ್ವ ಬೇಡ ಅಂದಿದ್ರಂತೆ. ನಾನೇ ಫೋನ್ ತಗೊಂಡು, ನಮ್ಮೂರೇ ಆಂಟಿ, ನಾನಿದೀನಲ್ಲ, ಅಂದಿದ್ದೆ.

ಕುಡ್ಲೆಯಲ್ಲಿ ಇಪ್ಪತ್ತು ನಿಮಿಷ ಫೋಟೋ. ಓಂ ಬೀಚಲ್ಲಿ ನಿಂಬೆ ಸೋಡಾ, ಮತ್ತೆ ಫೋಟೋ. ಅಷ್ಟೊತ್ತಿಗೆ ನನ್ನ ವಾಚಲ್ಲಿ ಸಮಯ ಹಾಳಾಗಿತ್ತು. ಈ ದಾರೀಲಿ ಓಡಿದೋರ ಟೈಮಿಂಗ್ ಎಲ್ಲ ಆ್ಯಪಲ್ಲಿ ಪಟ್ಟಿ ಇರತ್ತೆ, ಗೊತ್ತಲ್ಲ. ಓಂನಿಂದ ಪ್ಯಾರಡೈಸ್ ತನಕದ ತುಂಡಲ್ಲಿ ಹುಡುಗಿಯರಲ್ಲಿ ನಾನು ನಾಲ್ಕನೆಯವಳು. ಮೂರನೆಯವಳಿಗೂ ನನಗೂ ಇದ್ದ ಅಂತರ ಐವತ್ತು ಸೆಕೆಂಡ್. ಆ ಐವತ್ತು ಸೆಕೆಂಡ್ ನನ್ನ ತಲೇಲಿ ಎರಡು ತಿಂಗಳಿಂದ ಕೂತಿತ್ತು.

ಹಾಫ್ ಮೂನ್ ದಾಟಿ ಮುಂದೆ ದಾರಿ ಎರಡಾಗತ್ತೆ. ಮೇಲಿನದು ಗುಡ್ಡದ ಮೈ ಹಿಡಿದು ಪೊದೆ ನಡುವೆ, ಸುತ್ತು ಜಾಸ್ತಿ. ಕೆಳಗಿನದು ದಾರಿ ಅಲ್ಲವೇ ಅಲ್ಲ, ನೀರು ಇಳಿದಾಗ ಬಂಡೆಯಿಂದ ಬಂಡೆಗೆ ಹಾರಿ ಹೋಗಬಹುದು ಅಷ್ಟೇ.

ಅವಳು ನಿಂತಳು. ಅವಳ ಮಾತು ಹಾಗೇ ಬರೀತೀನಿ.

'ಲೇ, ಮ್ಯಾಲಿಂದ ಹೋಗೂಣು. ಕೆಳಗ ಎಲ್ಲಾ ಹಸಿ ಐತಿ. ನೀರು ಬರಾಕತ್ತೈತಿ ನೋಡು. ಅಜ್ಜಿ ಹೇಳಿದ್ರಲ್ಲ.'

ಸಮುದ್ರವೇ ಗೊತ್ತಿಲ್ಲದವಳು ನೋಡಿ ಹೇಳಿದಳು. ನದಿ ದಡದಲ್ಲಿ ಬೆಳೆದ ನಾನು ವಾಚ್ ನೋಡಿ ಹೇಳಿದೆ: ಏನಾಗಲ್ಲ ಬಾರೇ, ಕೆಳಗಿಂದ ಐದು ನಿಮಿಷ ಉಳೀತದೆ.

ಗಂಟೆ ಒಂಬತ್ತೂ ಹತ್ತು.

ಭಾಗ 6

ಹೋದ ವರ್ಷದ ಆ ಫೋಟೋ ಈಗ ಮತ್ತೆ ಹಾಕಿದೀನಿ, ಝೂಮ್ ಮಾಡಿ. ಅವಳ ಹಿಂದಿನ ಬಂಡೇಲಿ ಒಂದು ಗೆರೆ ಕಾಣತ್ತಾ? ಗೆರೆ ಮೇಲೆ ಕಲ್ಲು ಬೂದು ಬಣ್ಣ, ಒಣ. ಗೆರೆ ಕೆಳಗೆ ಕಪ್ಪು, ಪಾಚಿ, ಸಣ್ಣ ಸಣ್ಣ ಚಿಪ್ಪು ಅಂಟಿಕೊಂಡಿದೆ. ನೀರು ದಿನಾ ಎಲ್ಲಿವರೆಗೆ ಬರತ್ತೆ ಅಂತ ಬಂಡೆ ಮೇಲೆ ಬರೆದಿಟ್ಟ ಹಾಗೆ ಅದು. ಈಗ ಅವಳ ಕಾಲು ಎಲ್ಲಿದೆ ನೋಡಿ. ಗೆರೆಗಿಂತ ಕೆಳಗೆ. ಗೆರೆ ಅವಳ ಭುಜದ ಎತ್ತರಕ್ಕಿದೆ.

ಹಠಾತ್ ಅಲೆ ಅಂತ ಬರೆದ ಕ್ಯಾಪ್ಷನ್ ಕೆಳಗೆ ಸಾಕ್ಷಿ ನಾನೇ ಹಾಕಿದ್ದೆ. ನೀವ್ಯಾರೂ ಕಂಡುಹಿಡೀಲಿಲ್ಲ. ಅಜ್ಜಿ ಹತ್ತಿರ ಇನ್‌ಸ್ಟಾಗ್ರಾಮ್ ಇದ್ದಿದ್ರೆ ಒಂದು ನಿಮಿಷ ಸಾಕಿತ್ತು.

ಫೋಟೋ ತೆಗೆದು ಹತ್ತು ನಿಮಿಷ ಮುಂದೆ ಹೋಗಿದ್ವಿ. ನಾನು ಮುಂದೆ, ಅವಳು ಹಿಂದೆ. ಒಂದು ಅಲೆ ಬಂದು ಮೊಣಕಾಲ ತನಕ ನೆನೆಸಿ ಹೋಯ್ತು. ದೊಡ್ಡದೇನಲ್ಲ. ಅದು ವಾಪಸ್ ಹೋಗುವಾಗ ಅವಳ ಕಾಲು ಪಾಚಿ ಮೇಲಿತ್ತು. ಬಿದ್ದ ಸದ್ದು ನನಗೆ ಕೇಳಿಸಲಿಲ್ಲ, ಸಮುದ್ರದ ಸದ್ದು ಅಷ್ಟಿತ್ತು. ತಿರುಗಿ ನೋಡಿದಾಗ ಅವಳು ಕೂತಿದ್ದಳು, ಬಲಗೈನ ಎಡಗೈಯಲ್ಲಿ ಹಿಡ್ಕೊಂಡು. ಮಣಿಕಟ್ಟು ಇರಬೇಕಾದ ಆಕಾರದಲ್ಲಿ ಇರಲಿಲ್ಲ.

ಅವಳು ಕಿರುಚಲಿಲ್ಲ. 'ಬಲಗೈ ಲೇ,' ಅಂದಳು. ಅಷ್ಟೇ.

ಮೊದಲು ಅವಳನ್ನ ಗೆರೆಯಿಂದ ಮೇಲೆ ಹತ್ತಿಸಿದೆ. ಒಂದು ಕೈಯಲ್ಲಿ ಬಂಡೆ ಹತ್ತೋದು ಎಷ್ಟು ಕಷ್ಟ ಅಂತ ಅವತ್ತು ನೋಡಿದೆ, ಹಿಂದಿಂದ ತಳ್ಳಿದೆ, ಅವಳ ಮೊಣಕಾಲು ಎರಡೂ ತರಚಿತು. ಫೋನಲ್ಲಿ ನೆಟ್‌ವರ್ಕ್ ಇರಲಿಲ್ಲ. ಅವಳನ್ನ ಪೊದೆ ನೆರಳಲ್ಲಿ ಕೂರಿಸಿ, ನನ್ನ ಟೀಶರ್ಟಿಂದ ಕೈಗೆ ಜೋಳಿಗೆ ಕಟ್ಟಿ, ಮೇಲಿನ ದಾರೀಲಿ ಪ್ಯಾರಡೈಸಿಗೆ ಓಡಿದೆ. ಒಳಗಿನ ಬನಿಯನ್ನಲ್ಲೇ.

ಒಂದು ಮೀನು ಬೋಟ್ ದಡದ ಹತ್ತಿರ ಇತ್ತು. ಕೈ ಬೀಸಿದೆ, ಕೂಗಿದೆ. ಬೋಟಿನ ಅಣ್ಣ ಏನೂ ಕೇಳಲಿಲ್ಲ, ನನ್ನ ಮುಖ ನೋಡಿ, 'ಎಲ್ಲಿ ಬಿದ್ರು ತಂಗಿ?' ಅಂದ. ಬಂಡೆ ಹತ್ತಿರ ಬೋಟ್ ತರೋಕೆ ಆಗಲ್ಲ, ನೀರು ಏರ್ತಾ ಇತ್ತು. ಅವನೂ ಇನ್ನೊಬ್ಬನೂ ನನ್ನ ಜೊತೆ ನಡೆದು ಬಂದು, ಅವಳನ್ನ ನಡುವೆ ಹಿಡ್ಕೊಂಡು ಬೀಚಿಗೆ ಕರ್ಕೊಂಡು ಹೋದ್ರು. ಅಲ್ಲಿಂದ ತದಡಿ. ಅಳಿವೆ ಬಾಯಲ್ಲಿ ಬೋಟ್ ಎದ್ದು ಬಿದ್ದಾಗೆಲ್ಲ ಅವಳು ಕಣ್ಣು ಮುಚ್ಚಿ ತುಟಿ ಕಚ್ಚಿದ್ದು ನೋಡಿದೆ. ದುಡ್ಡು ಕೊಡೋಕೆ ಹೋದ್ರೆ ಅಣ್ಣ ಸಿಟ್ಟಾದ.

ಭಾಗ 7

ಕುಮಟಾದಲ್ಲಿ ಎಕ್ಸ್‌ರೇ. ಎರಡು ಮೂಳೆ. ಆಪರೇಷನ್ ಮಾಡಿ ಪ್ಲೇಟ್ ಹಾಕಬೇಕು ಅಂದ್ರು. ಹುಬ್ಬಳ್ಳಿಯಿಂದ ಅವಳ ಅಪ್ಪ ಅವ್ವ ಬಂದು ಕರ್ಕೊಂಡು ಹೋದ್ರು. ಅವ್ವ ಬೈಯಲಿಲ್ಲ. ಕಾರ್ ಬಾಗಿಲು ಹಾಕುವಾಗ ಒಂದೇ ಮಾತು: 'ನಿನ್ನ ನಂಬಿ ಕಳಿಸಿದ್ದೆನವಾ.'

ಆ ರಾತ್ರಿ ಫೋನ್ ನೋಡಿದ್ರೆ ಒಂದು ನೋಟಿಫಿಕೇಶನ್. ವಾಚ್ ನಿಲ್ಲಿಸೋದು ಮರೆತಿದ್ದೆ. ಅದು ಬೋಟಲ್ಲಿ ಹೋದದ್ದನ್ನೂ ನನ್ನ ಓಟ ಅಂತ ಲೆಕ್ಕ ಹಾಕಿ, ನಿಮ್ಮ ಅತಿ ವೇಗದ ಕಿಲೋಮೀಟರ್, ಅಭಿನಂದನೆಗಳು, ಅಂತ ಪದಕ ಕೊಟ್ಟಿತ್ತು. ನಗೋದಾ ಅಳೋದಾ ಗೊತ್ತಾಗಲಿಲ್ಲ. ಡಿಲೀಟ್ ಮಾಡಿದೆ.

ಎರಡು ದಿನ ಬಿಟ್ಟು ಆ ಪೋಸ್ಟ್ ಹಾಕಿದೆ. ಯಾಕೆ ಹಾಗೆ ಬರೆದೆ ಅಂತ ನನ್ನನ್ನೇ ತುಂಬ ಸಲ ಕೇಳ್ಕೊಂಡಿದೀನಿ. ಪ್ಲ್ಯಾನ್ ಮಾಡಿ ಸುಳ್ಳು ಹೇಳಿದ್ದೇನಲ್ಲ. ಬರೆಯೋಕೆ ಕೂತಾಗ 'ಅವಳು ಬೇಡ ಅಂದ್ಲು' ಅನ್ನೋ ಸಾಲು ಕೈಯಿಂದ ಬರಲಿಲ್ಲ. ಅದು ಬರದೇ ಇದ್ದಾಗ ಜಾಗ ಖಾಲಿ ಉಳೀತು, ಅಲ್ಲಿಗೆ ಅಲೆ ಬಂತು.

ಅವಳು ಆ ಪೋಸ್ಟ್ ನೋಡಿದಳು. ಲೈಕೂ ಮಾಡಲಿಲ್ಲ, ಏನೂ ಹೇಳಲಿಲ್ಲ. ಟೂರ್ನಮೆಂಟ್ ಹೋಯ್ತು. ಟೀಮ್ ಎರಡನೇ ರೌಂಡಲ್ಲಿ ಸೋತು ಬಂತು, ಅವಳ ಜಾಗಕ್ಕೆ ಆಡಿದ ಜೂನಿಯರ್ ನನ್ನ ಎದುರೇ ಬಂದು ಅಕ್ಕ ಹೇಗಿದಾರೆ ಅಂತ ಕೇಳಿದಳು. ಅವಳು ಹಾಸ್ಟೆಲಿಗೆ ವಾಪಸ್ ಬಂದಾಗ ಬೇರೆ ರೂಮ್ ಕೇಳ್ಕೊಂಡಿದ್ದಳು. ಎಡಗೈಯಲ್ಲಿ ಬರೆಯೋದು ಕಲೀತಾ ಇದ್ದಳು. ಇಂಟರ್ನಲ್ಸಲ್ಲಿ ನಾನು ಅವಳ ಹಿಂದಿನ ಬೆಂಚು. ಪೆನ್ನು ಹಿಡಿದು ಒಂದೊಂದು ಅಕ್ಷರ ಕೆತ್ತೋದು ಕಾಣ್ತಿತ್ತು.

ಮಾತು ಬಿಟ್ಟಿರಲಿಲ್ಲ. ನೋಟ್ಸ್ ಇದ್ಯಾ, ಊಟ ಆಯ್ತಾ. ಅಷ್ಟು.

ಭಾಗ 8

ಬೇಸಿಗೆ ರಜೆಗೆ ಅಜ್ಜಿ ಮನೆಗೆ ಹೋದೆ. ಅಲ್ಲಿ ಹೇಳಿದೆ ಎಲ್ಲಾನೂ. ಅಜ್ಜಿ ಬೈಯತ್ತೆ ಅಂದ್ಕೊಂಡಿದ್ದೆ. ಅಜ್ಜಿ ಮೀನು ಹೆಚ್ಚೋದು ನಿಲ್ಲಿಸದೆ, 'ಹೌದು, ನೀ ಹೂಂ ಅಂದ ರೀತಿಗೇ ನಂಗೆ ಗೊತ್ತಾಗಿತ್ತು,' ಅಂತು.

ಮಾರನೇ ದಿನ ನನ್ನನ್ನ ಅಳಿವೆಗೆ ಕರ್ಕೊಂಡು ಹೋಯ್ತು. ಸಮುದ್ರದ ಕಡೆಗಲ್ಲ, ಒಳಗೆ. ಈ ಜಾಗ ನೀವು ನೋಡಬೇಕು, ಬೀಚಿಗೆ ಬರೋರು ಯಾರೂ ಇಲ್ಲಿ ತನಕ ಬರಲ್ಲ. ನೀರು ಇಳಿದಾಗ ನದಿ ಮಧ್ಯೆ ಮರಳು ದಿಬ್ಬ, ಕೆಸರು ಬಯಲು ಎದ್ದು ಬರತ್ತೆ. ದಡದಲ್ಲಿ ಕಾಂಡ್ಲಾ ಮರ, ಬೇರು ಎಲ್ಲ ಹೊರಗೆ. ಮೊಣಕಾಲುದ್ದ ನೀರಲ್ಲಿ ಹೆಂಗಸರು ಬಗ್ಗಿ ಬಳಚು ಹೆಕ್ತಾ ಇರ್ತಾರೆ, ಪಕ್ಕದಲ್ಲೇ ಬೆಳ್ಳಕ್ಕಿ ಅದರ ಪಾಡಿಗೆ ಅದು. ಇನ್ನೂ ಒಳಗೆ ಹೋದ್ರೆ ಗಜನಿ ಗದ್ದೆ. ಅಲ್ಲಿ ಕಗ್ಗ ಅನ್ನೋ ಭತ್ತ ಬೆಳೀತಾರೆ, ಉಪ್ಪು ನೀರು ತಡ್ಕೊಳ್ಳೋ ತಳಿ. ಆಚೆ ಸಾಣಿಕಟ್ಟಾದಲ್ಲಿ ಅದೇ ಉಪ್ಪು ನೀರು ಕಟ್ಟಿ ಒಣಗಿಸಿ ಉಪ್ಪು ತೆಗೀತಾರೆ. ಒಂದೇ ನೀರು, ದಿನಕ್ಕೆ ಎರಡು ಸಲ ಬಂದು ಹೋಗೋದು. ಅದರ ಟೈಮ್ ಟೇಬಲ್ಲಿಗೆ ಇಡೀ ಊರು ಕೂತು ಏಳತ್ತೆ. ರಾಮ್ಸರ್ ಅಂದ್ರೆ ಏನು ಅಂತ ಅಜ್ಜಿಗೆ ಗೊತ್ತಿಲ್ಲ, 'ರಾಮಸ್ವಾಮಿಯ ಬೋರ್ಡು' ಅನ್ನತ್ತೆ.

ಅಜ್ಜಿ ನನಗೆ ನಿಲ್ಲೋದು ಕಲಿಸ್ತು. ತಮಾಷೆ ಅಲ್ಲ. ನೀರಿಗೆ ಇಳಿಯೋ ಮೊದಲು ದಡದಲ್ಲಿ ನಿಂತು ಒಂದು ಕಲ್ಲು ಗುರುತು ಇಟ್ಕೊ ಅಂತು. ಆ ಕಲ್ಲು ಕಾಣ್ತಾ ಇದ್ಯಾ, ಅರ್ಧ ಮುಳುಗ್ತಾ, ಪೂರ್ತಿ ಮುಳುಗ್ತಾ, ನೋಡ್ತಾ ಇರು. ಹಾಗೆ ನಿಂತೇ ಇದ್ದೆ, ಅರ್ಧ ಗಂಟೆ. ನಿಧಾನಕ್ಕೆ ಕಲ್ಲಿನ ಬುಡ ಹೋಯ್ತು, ಹೊಟ್ಟೆ ಹೋಯ್ತು, ತಲೆ ಮಾತ್ರ ಉಳೀತು.

'ಮೊದಲಿನ ಹಾಂಗೆ ಬಳಚು ಇಲ್ಲ ಈಗ,' ಅಂತು ಅಜ್ಜಿ, ಬುಟ್ಟಿ ನೋಡಿ. ಆಮೇಲೆ ಆ ಕಡೆ ತಿರುಗದೇ, 'ಆ ಹುಡುಗಿಗೆ ಹೇಳಿದ್ಯಾ, ತಪ್ಪು ನಿಂದು ಅಂತ?'

ಇಲ್ಲ, ಅಂದೆ. ಅವಳಿಗೆ ಗೊತ್ತಲ್ಲ ಅಜ್ಜಿ.

'ಅವಳಿಗೆ ಗೊತ್ತು. ನೀ ಹೇಳಿಲ್ಲ.'

ಭಾಗ 9

ಹೇಳೋಕೆ ಜುಲೈ ಆಯ್ತು. ಹಾಸ್ಟೆಲ್ ಟೆರೇಸಲ್ಲಿ ಬಟ್ಟೆ ಒಣಗಿಸೋಕೆ ಬಂದಿದ್ದಳು, ಧಾರವಾಡದ ಮಳೆ ಒಂದು ಗಂಟೆ ಬಿಡುವು ಕೊಟ್ಟಿತ್ತು. ಏನೇನೋ ರೆಡಿ ಮಾಡ್ಕೊಂಡಿದ್ದೆ, ಎಲ್ಲ ಮರೀತು. ನೀನು ಮೇಲಿಂದ ಹೋಗೋಣ ಅಂದೆ, ನಾನು ಬೇಡ ಅಂದೆ, ಐವತ್ತು ಸೆಕೆಂಡಿಗೆ, ಆಮೇಲೆ ಅಲೆ ಅಂತ ಬರೆದೆ. ಇಷ್ಟೇ ಹೇಳಿದೆ.

ಅವಳು ಕ್ಲಿಪ್ ಹಾಕ್ತಾ ಇದ್ದಳು, ಎಡಗೈಯಲ್ಲಿ. ಸ್ವಲ್ಪ ಹೊತ್ತು ಬಿಟ್ಟು ಅಂದಳು: 'ಕೈ ಮುರಿದಿದ್ದಕ್ಕ ಅಲ್ಲಲೇ. ಆಟದಾಗೂ ಮುರೀತಾವ. ನಿನ್ನ ಪೋಸ್ಟ್ ಓದಿ ನಮ್ಮವ್ವ, ಅಲೆ ಬಂದ್ರ ಹುಡುಗಿ ಏನ್ ಮಾಡ್ತಾಳ ಪಾಪ, ಅಂದ್ಲು. ನನಗ ಆಗ ಬಾಯಿ ಬರಲಿಲ್ಲ. ನಾ ಬ್ಯಾಡ ಅಂದಿದ್ದು ನಾ ಒಬ್ಬಾಕಿಗೇ ನೆನಪ ಐತೇನೋ ಅನ್ನಿಸ್ತು.'

ಅವತ್ತೇ ಅವಳ ಅವ್ವನಿಗೆ ಫೋನ್ ಮಾಡಿ ಹೇಳಿದೆ. ಆ ಕಡೆಯಿಂದ ತುಂಬ ಹೊತ್ತು ಸದ್ದಿಲ್ಲ. ಆಮೇಲೆ, 'ಆತು ಬಿಡವಾ, ಊಟ ಮಾಡಿದಿ?' ಅಂದ್ರು. ಅದು ಕ್ಷಮೆನಾ ಅಲ್ವಾ ನನಗೆ ಇವತ್ತಿಗೂ ಗೊತ್ತಿಲ್ಲ.

ಇಲ್ಲಿಗೆ ಎಲ್ಲ ಸರಿಹೋಯ್ತು ಅಂತ ಅಂದ್ಕೋಬೇಡಿ. ಅವಳ ಮಣಿಕಟ್ಟು ಹಿಂದಕ್ಕೆ ಪೂರ್ತಿ ಬಾಗಲ್ಲ. ಸೆಟ್ಟರಿಗೆ ಅದೇ ಬೇಕು. ಈಗ ಅವಳು ಲಿಬೆರೊ ಆಡ್ತಾಳೆ, ಹಿಂದೆ ನಿಂತು ಬಾಲ್ ಎತ್ತೋ ಜಾಗ. ಚೆನ್ನಾಗೇ ಆಡ್ತಾಳೆ. ಆದ್ರೆ ಪ್ರ್ಯಾಕ್ಟೀಸ್ ಮುಗಿದ ಮೇಲೆ ಒಬ್ಬಳೇ ಗೋಡೆಗೆ ಬಾಲ್ ಹೊಡೆದು ಬೆರಳಲ್ಲಿ ಎತ್ತೋದನ್ನ ನಾನು ನೋಡಿದೀನಿ.

ಡಿಸೆಂಬರಲ್ಲಿ ಅವಳೇ ಮೆಸೇಜ್ ಮಾಡಿದಳು. 'ಆ ದಾರಿ ಪೂರಾ ಮಾಡೂದು ಐತಿ. ಈ ಸಲ ಟೈಮ್ ನಾ ಹೇಳ್ತೇನಿ.'

ಭಾಗ 10

ಹೋದ ವಾರ ಹೋಗಿದ್ವಿ. ಅಜ್ಜಿ ತಿಥಿ ನೋಡಿ ಕೃಷ್ಣ ಅಷ್ಟಮಿ ಹೇಳ್ತು. ಬೆಳಿಗ್ಗೆ ಐದರ ಸುಮಾರಿಗೆ ನೀರು ಏರಿ ಮುಗಿದಿರತ್ತೆ, ಆಮೇಲೆ ಇಳಿಯೋದೇ. ಆರೂಕಾಲಿಗೆ ಗೋಕರ್ಣದಿಂದ ಹೊರಟ್ವಿ. ನನ್ನ ವಾಚ್ ಅವಳ ಬ್ಯಾಗಲ್ಲಿ.

ಕುಡ್ಲೆಯಲ್ಲಿ ಮರಳ ಮೇಲೆ ಏಡಿಗಳ ಗೀಟು ಬಿಟ್ರೆ ಯಾರ ಹೆಜ್ಜೆಯೂ ಇರಲಿಲ್ಲ. ಓಂ ಬೀಚಿನ ನಾಯಿಯೊಂದು ಕಾಡಿನ ದಾರಿ ತನಕ ನಮ್ಮ ಜೊತೆ ಓಡಿ ಬಂತು, ಅಲ್ಲಿ ನಿಂತು ವಾಪಸ್ ಹೋಯ್ತು. ಹಾಫ್ ಮೂನ್ ಮೇಲೆ ಬಿಳಿ ಹೊಟ್ಟೆಯ ಕಡಲ ಹದ್ದು ರೆಕ್ಕೆ ಅಲ್ಲಾಡಿಸದೆ ತೇಲ್ತಾ ಇತ್ತು. ಫೋಟೋ ತೆಗೀಲಿಲ್ಲ. ಹಾಗಾಗಿ ಈ ಭಾಗಕ್ಕೆ ಹಾಕಿರೋದು ಅಜ್ಜಿ ಮನೆ ಅಂಗಳದ್ದು.

ದಾರಿ ಎರಡಾಗೋ ಜಾಗದಲ್ಲಿ ಅವಳು ನಿಂತಳು. ನೀರು ಇಳೀತಾ ಇತ್ತು, ಬಂಡೆ ಮೇಲೆ ಆ ಗೆರೆ ಕಾಣ್ತಿತ್ತು. ಕೆಳಗಿಂದ ಹೋದ್ರೂ ಬಹುಶಃ ಏನೂ ಆಗ್ತಿರಲಿಲ್ಲ. ಅವಳು ನನ್ನ ಮುಖ ನೋಡಿದಳು. ನಾನು ಮೇಲಿನ ದಾರಿ ಹತ್ತೋಕೆ ಶುರು ಮಾಡಿದೆ. ಹಿಂದೆ ಅವಳ ಶೂ ಸದ್ದು ಕೇಳ್ತಾ ಬಂತು. ಒಂದು ಕಡೆ ಕಲ್ಲು ಹಿಡಿದು ಹತ್ತಬೇಕು, ಅಲ್ಲಿ ಬಲಗೈ ಇಡೋಕೆ ಹೋಗಿ, ತಡೆದು, ಎಡಗೈ ಇಟ್ಟಳು. ನಾನು ಕೈ ಕೊಡೋಕೆ ಹೋದೆ. 'ಬ್ಯಾಡ, ಬರ್ತೇನಿ,' ಅಂದಳು. ಬಂದಳು.

ಬೇಲೆಕಾನಲ್ಲಿ ಒಂದು ಅಂಗಡೀಲಿ ಚಾ ಕುಡಿದು ತದಡಿ ತನಕ ನಿಧಾನಕ್ಕೆ ಓಡಿದ್ವಿ. ಎಷ್ಟು ಹೊತ್ತಾಯ್ತು ಅಂತ ನಾನು ಕೇಳಲಿಲ್ಲ, ಅವಳು ಹೇಳಲೂ ಇಲ್ಲ. ಬಂದರಲ್ಲಿ ಬಲೆ ಬಿಡಿಸ್ತಾ ಕೂತವರ ನಡುವೆ ಆ ಬೋಟಿನ ಅಣ್ಣ ಇದಾನಾ ಅಂತ ಹುಡುಕಿದ್ವಿ, ಸಿಗಲಿಲ್ಲ, ಸಮುದ್ರಕ್ಕೆ ಹೋಗಿದಾನೆ ಅಂದ್ರು. ಅವಳು ಅವನಿಗೆ ಅಂತ ಹುಬ್ಬಳ್ಳಿಯಿಂದ ಪೇಡೆ ತಂದಿದ್ದಳು. ಅವನ ಜೊತೆಯವನ ಕೈಗೆ ಕೊಟ್ಟು ಬೋಟ್ ಹತ್ತಿದ್ವಿ.

ಅಜ್ಜಿ ಮೊದಲು ಅವಳ ಬಲಗೈ ತಗೊಂಡು, ತಿರುಗಿಸಿ, ಹೊಲಿಗೆ ಗುರುತಿನ ಮೇಲೆ ಹೆಬ್ಬೆರಳು ಆಡಿಸ್ತು. ಏನೂ ಹೇಳಲಿಲ್ಲ. ಬಳಚಿನ ಸುಕ್ಕ ಬಡಿಸ್ತು, ಎರಡು ಸಲ. ಅವಳು ಜೀವನದಲ್ಲಿ ಮೊದಲ ಸಲ ಬಳಚು ತಿಂದಿದ್ದು. ಚಿಪ್ಪೆಲ್ಲ ತಟ್ಟೆ ಅಂಚಿಗೆ ಸಾಲಾಗಿ ಜೋಡಿಸಿಟ್ಟು ಕೇಳಿದಳು:

'ಅಜ್ಜಿ, ಇದನ್ನ ಹೆಕ್ಕಾಕ ನಾನೂ ಬರಬಹುದೇನ್ರಿ? ನಾಳೆ ನೀರು ಯಾವಾಗ ಇಳೀತದ?'

'ನಾಳೆ ನವಮಿ. ಹನ್ನೆರಡರ ಹತ್ರ ಇಳೀತದೆ. ಆದ್ರೆ ಪೂರ್ತಿ ಇಳಿಯೂದಿಲ್ಲ ತಂಗಿ, ಬಳಚಿನ ದಿಬ್ಬ ಕಾಣೂದಿಲ್ಲ. ಅದಕ್ಕೆ ಅಮಾಸೆಗೆ ಬರಬೇಕು. ಸಂಜೆ ಐದರ ಮೇಲೆ.'

ಅಮಾಸೆ ಅಂದಾಗ ನಾನು ತಟ್ಟೆ ನೋಡ್ತಾ ಕೂತೆ. ಅವಳು ಎದ್ದು, ಕೈ ತೊಳೆದು, ಗೋಡೆ ಮೇಲಿನ ಕ್ಯಾಲೆಂಡರ್ ಹತ್ತಿರ ಹೋಗಿ ಬೆರಳಿಟ್ಟು ಎಣಿಸಿದಳು.

'ಇನ್ನ ಏಳು ದಿನ ಐತಿ ಲೇ. ರಜಾ ಹಾಕು.'